ಹಳದಿ ಕುಲಾವಿ

ಗ್ಯಾರೇಜಿನ ಬೋನಿಗೆ ಸಿಕ್ಕಿ ಸತ್ತಿದ್ದ ಇಲಿಯನ್ನು ವಿಕಾಸ್ ಬೆಳಿಗ್ಗೆ ಕಸದ ಡಬ್ಬಕ್ಕೆ ಹಾಕುವಾಗ, ಮುಚ್ಚಳ ಎತ್ತಿ ಹಿಡಿದಿದ್ದ ಅವನ ತಾಯಿ ರಮಾ ಅದರ ಹೊಟ್ಟೆಯ ಕಡೆ ನೋಡಿಬಿಟ್ಟರು. ಮೊಲೆಗಳು ತುಂಬಿಕೊಂಡಿದ್ದವು. ಹಾಗಾದರೆ ಗ್ಯಾರೇಜಿನಲ್ಲೇ ಎಲ್ಲೋ ಮರಿಗಳಿವೆ. ಮಗನೂ ನೋಡಿದ್ದ. "ಭಾವನಾಗೆ ಹೇಳೋದು ಬೇಡಮ್ಮ" ಎಂದು ಮೆಲ್ಲಗೆ ಅಂದು ಕೈಗವಸು ಕಳಚಿದ.

ಎಂಟು ತಿಂಗಳ ಮಗು ಹೊಟ್ಟೆಯಲ್ಲೇ ಹೋದ ಮೇಲೆ ಸೊಸೆ ಭಾವನಾ ಮಾತನ್ನೇ ಮರೆತವಳಂತಿದ್ದಳು. ಅಮೆರಿಕದ ಫ್ರೀಮಾಂಟಿನ ಆ ಮನೆಯಲ್ಲಿ ಫ್ರಿಜ್ಜಿನ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು. ಇಲಿಗಳು ಕಾರಿನ ವೈರು ಕಡಿದದ್ದೇ ನೆಪವಾಗಿ, ಆ ಮಧ್ಯಾಹ್ನ ಅವಳು ಫೋನು ಹಿಡಿದು ತಾನಾಗಿಯೇ ಗ್ಯಾರೇಜಿಗೆ ಬಂದಳು.

"ಕೇಳಿ ಅತ್ತೆ. ಒಂದು ಕ್ವಾರ್ಟರ್ ಕಾಯಿನ್, ನಮ್ಮ ರೂಪಾಯಿ ನಾಣ್ಯದಷ್ಟು ಸಂದಿದ್ರೆ ಸಾಕಂತೆ, ಇಲಿ ನುಗ್ಗಿಬಿಡತ್ತೆ."

"ಅಷ್ಟು ದಪ್ಪ ಇಲೀನಾ?"

"ತಲೆ ತೂರಿದ್ರೆ ಮೈಯೂ ತೂರಿದ ಹಾಗೇ. ಹಲ್ಲು ಸಾಯೋವರೆಗೂ ಬೆಳೀತಾನೇ ಇರತ್ತಂತೆ. ಅದಕ್ಕೇ ಕಂಡಿದ್ದೆಲ್ಲ ಕಡಿಯೋದು."

"ಮೊದ್ಲೇ ಹೇಳಿದ್ರೆ ಡೆಂಟಿಸ್ಟ್ ಅಪಾಯಿಂಟ್ಮೆಂಟು ತಗೋತಿದ್ನಲ್ಲ" ಎಂದ ವಿಕಾಸ್.

ಭಾವನಾ ನಕ್ಕಳು. ಎಷ್ಟು ತಿಂಗಳಿಂದ ಇಂಥ ಪೆದ್ದು ಜೋಕುಗಳನ್ನು ಬಿಡದೆ ಹೇಳುತ್ತ ಬಂದಿದ್ದಾನೆ ನನ್ನ ಮಗ, ಎಂದುಕೊಂಡರು ರಮಾ. ಆದರೆ ಆ ನಗು ಉಳಿಯಲಿಲ್ಲ. "ಒಂದು ಇಲಿ ಇನ್ನೊಂದರ ಮರಿಗೂ ಹಾಲು ಕೊಡತ್ತಂತೆ" ಎಂದು ಓದಿ, ಭಾವನಾ ಫೋನು ಕೆಳಗಿಳಿಸಿದಳು.

ವಿಕಾಸ್ ಸಂದು ಹುಡುಕುವವನಂತೆ ಅಕ್ಕಿ ಚೀಲಗಳನ್ನು ಎಳೆಯತೊಡಗಿದ. ರಮಾ ಅವಸರದಿಂದ ಅಡ್ಡ ಬಂದರು.

"ಹಿಂದಿರೋ ಸೂಟ್‌ಕೇಸು ಬಿಡೋ, ಖಾಲಿ ಅದು."

ಖಾಲಿಯಾಗಿರಲಿಲ್ಲ. ಹುಟ್ಟುವ ಮೊದಲು ಮಗುವಿಗೆಂದು ಒಂದೆಳೆ ದಾರವನ್ನೂ ತರಬಾರದೆಂಬ ಪದ್ಧತಿ ಅವರ ಮನೆಯದು. ಆದರೂ ಆಸೆ ತಡೆಯಲಾರದೆ, ಮೈಸೂರಿನಲ್ಲಿ ಕದ್ದುಮುಚ್ಚಿ ಹಳದಿ ಉಲ್ಲನ್ನಿನ ಕುಲಾವಿಯೊಂದನ್ನು ಹೆಣೆದು ತಂದಿದ್ದರು. ವಿಮಾನ ಇಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎಸೆಯಲು ಮನಸ್ಸು ಬಾರದೆ, ಸೊಸೆಯ ಕಣ್ಣಿಗೆ ಬೀಳದಿರಲೆಂದು ಸೂಟ್‌ಕೇಸಿನ ಹೊರಜೇಬಿನಲ್ಲೇ ಬಿಟ್ಟಿದ್ದರು.

ಆ ಜೇಬಿಗೆ ಈಗ ತೂತು ಬಿದ್ದಿತ್ತು. ವಿಕಾಸ್ ಜಿಪ್ಪು ಎಳೆದ. ಕಡಿದ ಕಾಗದದ ಚೂರುಗಳ ನಡುವೆ ಕುಲಾವಿ. ಕುಲಾವಿಯೊಳಗೆ, ಇನ್ನೂ ಕಣ್ಣು ಬಿಡದ ಇಲಿಮರಿಗಳು ಒಂದಕ್ಕೊಂದು ಒತ್ತಿಕೊಂಡು ಮಿಸುಕುತ್ತಿದ್ದವು.

ಭಾವನಾ ಬಗ್ಗಿ ನೋಡಿದಳು. "ನೀವು ಹೆಣೆದಿದ್ದಾ ಅತ್ತೆ?"

"ಹೂಂ."

"ನನಗೆ ತೋರಿಸ್ಲೇ ಇಲ್ಲ."

ವಿಕಾಸ್ ಕಸದ ಚೀಲ ಬಿಡಿಸಿದ. ಭಾವನಾ ಅವನ ಕೈ ಹಿಡಿದಳು.

"ಇವತ್ತೊಂದಿನ ಬಿಡು ವಿಕಾಸ್. ಗೂಡು ಅಲ್ಲಾಡಿದ್ರೆ ತಾಯಿ ಬಂದು ಮರಿಗಳನ್ನ ಬೇರೆ ಕಡೆ ಕಚ್ಕೊಂಡು ಹೋಗತ್ತಂತೆ."

ವಿಕಾಸ್ ಏನೋ ಹೇಳಲು ಬಾಯಿ ತೆರೆದ. ರಮಾ ಅವನತ್ತ ನೋಡಿದರು. ಅವನು ಚೀಲವನ್ನು ಸದ್ದಾಗದಂತೆ ಮಡಚಿ ಜೇಬಿಗೆ ತುರುಕಿಕೊಂಡ. ಸೂಟ್‌ಕೇಸನ್ನು ಇದ್ದಲ್ಲಿಗೇ ಮೆಲ್ಲಗೆ ಸರಿಸಿ ಒಳಗೆ ಹೋದ.

ರಮಾ ದೀಪ ಆರಿಸಿ, ಹಿತ್ತಲ ಕಡೆಯ ಬಾಗಿಲು ಎಳೆಯಹೋದರು.

"ಪೂರ್ತಿ ಮುಚ್ಚಬೇಡಿ ಅತ್ತೆ."

"ಇಲ್ಲಮ್ಮ. ತಾಯಿ ಬರ್ಲಿ."

"ತಾಯಿ ಕಸದ ಡಬ್ಬದಲ್ಲಿದೆ. ಬೆಳಿಗ್ಗೆ ಕಾಫಿ ಚರಟ ಹಾಕೋಕೆ ಹೋದಾಗ ನೋಡ್ದೆ." ಸೂಟ್‌ಕೇಸಿನ ಜೇಬಿನಿಂದ ಇಳಿಬಿದ್ದಿದ್ದ ಕುಲಾವಿಯ ಲಾಡಿಯನ್ನು ಭಾವನಾ ಬೆರಳಿನಿಂದ ಒಳಗೆ ಸೇರಿಸಿದಳು. "ಬೇರೆ ಯಾರಾದ್ರೂ ಬರಬಹುದು."

ರಮಾ ಕಾಲಿನ ಹವಾಯಿ ಚಪ್ಪಲಿಯೊಂದನ್ನು ಕಳಚಿ ಬಾಗಿಲಿಗೆ ಅಡ್ಡ ಇಟ್ಟರು. ಒಂದು ಕ್ವಾರ್ಟರ್ ನಾಣ್ಯದಷ್ಟು ಸಂದು ಉಳಿಯಿತು.