ದೋಣಿಯಡಿಯ ಬೆಳಕು

ಆ ದಿನ ಬೆಳಗ್ಗೆಯೇ ಮೋಡ ಕವಿದು, ಗಾಳಿ ಉಸಿರು ಬಿಗಿಹಿಡಿದು ನಿಂತಿತ್ತು. ಸಂಜೆ ಚಂದ್ರನ ಕಾಟವಿರುವುದಿಲ್ಲ ಎಂದು ಅಳಿಯನಿಗೆ ಖುಷಿಯಾಯಿತು. ಕಟಿಂಗ್ ಪ್ಲೇಯರನ್ನು ಒರೆಸಿ ಜೇಬಿಗಿಟ್ಟುಕೊಂಡ.

ಅವನದು ಮನೆಮನೆಗೆ ವೈರಿಂಗ್ ಮಾಡುವ ಕೆಲಸ. ಅತ್ತೆಯದು ಒಂದೇ ಕತೆ. ಚಿಕ್ಕಂದಿನಲ್ಲಿ ಹಿನ್ನೀರಿನ ಮೇಲೆ ಈಗಿನ ದೋಣಿಯವನ ಅಪ್ಪನ ದೋಣಿಯಲ್ಲಿ ಹೋದಾಗ ನೀರು ತಾನೇ ಬೆಳಗಿತ್ತಂತೆ. ಹೋದ ವರ್ಷ ಅವರನ್ನು ಅದೇ ನೀರಿಗೆ ಕರೆದೊಯ್ದರೆ, ಜನ ಬಾಯಿಬಿಟ್ಟು ನೋಡುತ್ತಿದ್ದ ನೀಲಿ ಬೆಳಕನ್ನು ನೋಡಿ "ಇದಲ್ಲ" ಎಂದುಬಿಟ್ಟರು. ಕಣ್ಣೆದುರಿಗಿದ್ದುದನ್ನೇ ಅಲ್ಲ ಎನ್ನುವವರ ತಲೆ ನೆಟ್ಟಗಿರುತ್ತದೆಯೇ? ಅಂದಿನಿಂದ ಮೊಮ್ಮಗಳನ್ನು ಅವರ ಮಗ್ಗುಲಲ್ಲಿ ಮಲಗಿಸುವುದು ನಿಂತಿತು. ಅವರ ಕೈಗೆ ಕೊಡುವುದೂ ನಿಂತಿತು. ಅತ್ತೆ ಜಗಳವಾಡಲಿಲ್ಲ. ಹಾಸಿಗೆಯಲ್ಲಿ ಮಗುವಿನಷ್ಟು ಜಾಗ ಬಿಟ್ಟು ಮಲಗುತ್ತಿದ್ದರು, ಅಷ್ಟೇ.

ಈಗ ಅಳಿಯನಿಗೆ ಬೇರೆಯೇ ಗುಮಾನಿ. ದೋಣಿಯವನು ಇವನ ರಿಪೇರಿ ಅಂಗಡಿಗೆ ದೊಡ್ಡ ಬ್ಯಾಟರಿ ಹೊತ್ತು ತಂದು ಚಾರ್ಜಿಗೆ ಇಟ್ಟು ಹೋಗಿದ್ದ. ಮೋಟಾರೇ ಇಲ್ಲದ ದೋಣಿಗೆ ಬ್ಯಾಟರಿ! ಮಗನ ಬೆಳಕು ಸುಳ್ಳಾದರೆ ಅಪ್ಪನದೂ ಸುಳ್ಳು, ಅತ್ತೆಯ ಕತೆಯೂ ಸುಳ್ಳು. ಅದನ್ನು ಎಲ್ಲರೆದುರು ತೋರಿಸಿ, ಮಗುವಿನ ಮಾತನ್ನು ಅವರು ಎಂದೂ ಎತ್ತದಂತೆ ಮಾಡಬೇಕು.

ಕತ್ತಲಾಗುತ್ತಿದ್ದಂತೆ ದೋಣಿ ಹೊರಟಿತು. ದಡ ಬಿಡುವ ಮೊದಲೇ ಸುತ್ತಲ ನೀರು ನೀಲಿಯಾಗಿತ್ತು.

"ಯಾರೂ ನೀರು ಮುಟ್ಟಬೇಡಿ. ಬೆಳಕಿಗೆ ನೋವಾಗುತ್ತೆ," ಎಂದ ದೋಣಿಯವ, ಕೂತ ಪೆಟ್ಟಿಗೆಯಿಂದ ಮೇಲೇಳದೆ.

"ಸೂಕ್ಷ್ಮಜೀವಿಗಳು! ನೋಡಿ, ಎಷ್ಟು ಶಿಸ್ತಾಗಿ ದೋಣಿ ಜೊತೇಲೇ ಬರ್ತಿವೆ!" ಮುಂದಿನ ಹಲಗೆಯ ಮೇಲಿದ್ದ ನಿವೃತ್ತ ಮೇಷ್ಟ್ರು ಪಾಠ ಶುರುಮಾಡಿದರು.

"ಏನಮ್ಮಾ, ಈ ಸಲನಾದ್ರೂ ಒಪ್ತೀರಾ?" ದೋಣಿಯವ ಅತ್ತೆಯನ್ನು ಕೇಳಿದ.

"ಚೆನ್ನಾಗಿದೆಯಪ್ಪ. ಆದ್ರೆ ಇದಲ್ಲ."

"ನಮ್ಮತ್ತೆ ದೇವರು ಬಂದ್ರೂ ಗುರುತಿನ ಚೀಟಿ ಕೇಳ್ತಾರೆ," ಎಂದ ಅಳಿಯ. ದೋಣಿಯೆಲ್ಲ ನಕ್ಕಿತು.

"ಕೇಳಬೇಕಾಗುತ್ತೆ, ಅಳಿಯಂದ್ರೇ. ವೇಷ ಹಾಕೋರೇ ಜಾಸ್ತಿ."

"ನಾನು ಅಜ್ಜಿ ಹತ್ರ ಹೋಗ್ತೀನಿ," ಎಂದಿತು ಅಳಿಯನ ತೊಡೆಯ ಮೇಲಿದ್ದ ಮಗು.

"ಸುಮ್ನೆ ಕೂತ್ಕೋ."

ಹಾಗೆನ್ನುತ್ತಲೇ ಅವನು ಹಲಗೆಯ ಸಂದಿಗೆ ಕೈಹಾಕಿ ತಡಕಾಡಿದ. ಬೆರಳಿಗೆ ವೈರು ಸಿಕ್ಕಿತು. ಪ್ಲೇಯರ್ ತೆಗೆದು ಟಕ್ಕೆಂದು ಕತ್ತರಿಸಿದ.

ಬೆಳಕು ಆರಿಹೋಯಿತು.

"ನೋಡಿದ್ರಾ! ದೋಣಿ ತಳಕ್ಕೆ ಬಲ್ಬು ಕಟ್ಟಿದ್ದಾನೆ ಕಳ್ಳ! ಆಗ ಇವನಪ್ಪ ಲಾಟೀನು ಕಟ್ಟಿರ್ತಾನೆ! ಅತ್ತೆ, ನಿಮ್ಮ ಕತೆ ಇಲ್ಲಿಗೆ ಮುಗೀತು!"

ನೀರಿನಲ್ಲಿ ಲಾಟೀನು ಹೇಗೆ ಉರಿಯುತ್ತದೆ ಎಂದು ಯಾರೂ ಕೇಳಲಿಲ್ಲ. ಮೇಷ್ಟ್ರು ಉಳಿದ ಪಾಠವನ್ನು ನುಂಗಿಕೊಂಡರು.

"ಏನ್ಮಾಡ್ಲಿ ಸ್ವಾಮಿ," ದೋಣಿಯವನ ದನಿ ಅಳುವಂತಿತ್ತು. "ಅಪ್ಪ ಹೋದ್ಮೇಲೆ ನಾನು ಮೊದಲ ಸಲ ಜನರನ್ನ ಕರ್ಕೊಂಡ್ಬಂದಾಗ ನೀರು ಕಪ್ಪಗೇ ಇತ್ತು. ಬಾಯಿಗೆ ಬಂದಂಗೆ ಬೈದ್ರು. ಮಾರನೇ ದಿನ ದೀಪ ಕಟ್ಟಿದೋನು, ಇವತ್ತಿನವರೆಗೂ ನೀರಿನ ಮೇಲೆ ಆರಿಸಿಲ್ಲ."

ಆ ಕತ್ತಲಲ್ಲಿ, ಯಾರ ಅಪ್ಪಣೆಯನ್ನೂ ಕೇಳದೆ, ಮಗು ನೀರಿಗೆ ಕೈ ಇಳಿಬಿಟ್ಟಿತು.

ಬೆರಳುಗಳು ಹೊತ್ತಿಕೊಂಡವು. ಹುಟ್ಟಿನ ತುದಿಯಿಂದ ಬೆಳಕು ತೊಟ್ಟಿಕ್ಕಿತು. ಮೀನೊಂದು ಓಡಿದ ದಾರಿ ಉದ್ದಕ್ಕೂ ಹೊಳೆದು, ಮೆಲ್ಲಗೆ ಅಳಿಸಿಹೋಯಿತು.

ದೋಣಿಯವ ಹೆದರಿ ಅಳಿಯನ ತೋಳು ಹಿಡಿದುಕೊಂಡ.

"ಸ್ವಾಮಿ, ಇದನ್ನ ಯಾರು ಹಾಕಿದ್ದು?"

ಅತ್ತೆ ಎರಡೂ ಕೈ ಜೋಡಿಸಿದರು. ಅವರು ಕೈ ಬಿಡಿಸುವವರೆಗೂ ಅಳಿಯ ಕಾದ. ಆಮೇಲೆ ಮಗುವನ್ನು ಎತ್ತಿ, ಹೊಳೆಯುವ ಒದ್ದೆ ಕೈಯ ಸಮೇತ, ಸದ್ದಿಲ್ಲದೆ ಅವರ ಮಡಿಲಿಗಿಟ್ಟ.