ಹೆಚ್ಚುಕಮ್ಮಿ ದ್ವೀಪ

ಮಗಳ ಭೂಗೋಳ ಪುಸ್ತಕದಲ್ಲಿ ‘ಪೆನಿನ್ಸುಲಾ’ ಎಂಬ ಪದ ಕಂಡರೆ ಸಾಕು, ಈಗಲೂ ನನ್ನ ಮೂಗಿಗೆ ಒಣಗುವ ಕೆಸರಿನ ವಾಸನೆ ಬಡಿಯುತ್ತದೆ.

ಅದೊಂದು ಬೇಸಿಗೆಯ ಮಧ್ಯಾಹ್ನ. ಲಿಂಗನಮಕ್ಕಿ ಡ್ಯಾಮಿನ ಹಿನ್ನೀರು ಇಳಿದು, ಮಳೆಗಾಲದಲ್ಲಿ ಸುತ್ತಲೂ ನೀರಿರುತ್ತಿದ್ದ ನಮ್ಮ ಗುಡ್ಡದಿಂದ ಆಚೆ ದಡಕ್ಕೆ ಬಿರುಕುಬಿಟ್ಟ ಮಣ್ಣಿನ ದಾರಿ ಎದ್ದಿತ್ತು. ಅಜ್ಜಿ ರಂಗೋಲಿ ಡಬ್ಬಿ ಹಿಡಿದು ಮುಂದೆ ನಡೆದಿದ್ದಳು. ಆ ದಾರಿಯ ಬದಿಯಲ್ಲೇ, ಮುಳುಗಡೆಯಾದ ನಮ್ಮ ಹಳೇ ಮನೆಯ ಕಲ್ಲಿನ ಹೊಸಿಲು ಪ್ರತಿ ಬೇಸಿಗೆ ಮೇಲೇಳುತ್ತಿತ್ತು. ಅದು ಕಂಡ ದಿನವೇ ರಂಗೋಲಿ ಬೀಳಬೇಕು.

ನಾನು ಜಂಭದಿಂದ ಹೇಳಿದೆ: “ಅಜ್ಜಿ, ನಮ್ಮೂರು ಈಗ ಪೆನಿನ್ಸುಲಾ. ಲ್ಯಾಟಿನ್ನಲ್ಲಿ ಹಂಗಂದ್ರೆ ಹೆಚ್ಚುಕಮ್ಮಿ ದ್ವೀಪ ಅಂತೆ. ಮೇಷ್ಟ್ರು ಹೇಳಿದ್ರು.”

“ಯಾರು ಮಾಡಿದ್ದಂತೆ ಆ ಮಾತು?”

“ರೋಮಿನೋರು. ಸಾವಿರಾರು ವರ್ಷದ ಹಿಂದೆ.”

ಅಜ್ಜಿ ಹೊಸಿಲಿನ ಕೆಸರು ಕೆರೆಯುತ್ತಾ ನಕ್ಕಳು. “ಪಾಪ, ಅವ್ರೂರಿಗೂ ಡ್ಯಾಮ್ ಕಟ್ಟಿದ್ರಾ?”

ನನಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಹೊಸಿಲಿನ ಮೇಲೆ ಕಾಲಿಡಲು ಹೋದೆ.

“ತುಳೀಬೇಡ್ವೋ, ದಾಟಿ ಬಾ” ಎಂದು ಗದರಿದಳು.

ಗೋಡೆಯೂ ಮಾಡೂ ಇಲ್ಲದ ಆ ಮನೆಯೊಳಕ್ಕೆ ನಾವಿಬ್ಬರೂ ಬಲಗಾಲಿಟ್ಟು ಹೋದೆವು.