ಫೋಟೋದ ಮೇಲಿನ ದೂಳು

ಟ್ರಸ್ಟಿನಿಂದ ಬಂದವನು ಬಾಗಿಲಾಚೆಯಿಂದ ಒಂದು ಹಿಡಿ ದೂಳು ಬಾಚಿ ತಂದು ಗೋಡೆಯ ಮೇಲಿದ್ದ ಸೆಲ್ವರಾಜನ ಫೋಟೋಗೆ ಎರಚಿದ. ಎರಚಿ, ಹಿಂದೆ ಸರಿದು, ಮೊಬೈಲಿನಲ್ಲಿ ನೋಡಿ, "ಹ್ಞಾಂ, ಈಗ ಸರಿಯಾಯ್ತು" ಅಂದ.

ಪುಷ್ಪಳಿಗೆ ಮೈಯೆಲ್ಲ ಉರಿಯಿತು. ಚಾಂಪಿಯನ್ ರೀಫ್ಸಿನ ಲೈನ್ ಮನೆಗಳಲ್ಲಿ ಗಾಳಿ ಎದ್ದರೆ ಸಾಕು, ಚಿನ್ನದ ಗಣಿಯ ಕಸ ಸುರಿದು ಬೆಳೆದ ಸೈನೈಡ್ ಗುಡ್ಡದ ದೂಳು ಅನ್ನದ ತಟ್ಟೆಗೂ ಬಂದು ಕೂರುತ್ತದೆ. ಮಗಳ ಓದಿಗೆ ಫೀಸು ಕಟ್ಟುವವರು ಬರುತ್ತಾರೆಂದು ಅವಳು ಅವತ್ತಿನ ಕೂಲಿ ಬಿಟ್ಟು, ಮನೆಯೆಲ್ಲ ತೊಳೆದು, ಪಕ್ಕದ ಮನೆಯಿಂದ ಕುರ್ಚಿ ತಂದು ಹಾಕಿದ್ದಳು. ಆ ಪುಣ್ಯಾತ್ಮ ಬಂದವನೇ ಕುರ್ಚಿ ಹೊರಗೆ ಹಾಕಿಸಿದ. ಟೀವಿಗೆ ಗೋಣಿಚೀಲ ಹೊದಿಸಿದ. ಹೊಸ ಸೀರೆ ಬಿಚ್ಚಿ ಹಳೆಯದು ಉಟ್ಟು ಬನ್ನಿ ಎಂದ. ಅಷ್ಟನ್ನೂ ಅವಳು ನುಂಗಿಕೊಂಡಿದ್ದಳು. ವನಿತಾಳ ನರ್ಸಿಂಗ್ ಸೀಟು ಅವನು ತೆಗೆಯುವ ವಿಡಿಯೋದ ಮೇಲೆ ನಿಂತಿತ್ತು.

"ಸಾರ್, ಅದು ನಮ್ಮಾವನ ಫೋಟೋ ಸಾರ್. ಗಣೀಲಿ ದೂಳು ಕುಡ್ದೂ ಕುಡ್ದೂ, ಉಸ್ರಾಡಕ್ಕಾಗ್ದೆ ಸತ್ತೋದ್ರು."

"ಒಳ್ಳೇದಾಯ್ತಲ್ಲ, ಅದನ್ನೂ ಸೇರಿಸೋಣ." ಅವನು ವನಿತಾಳ ಕಡೆ ತಿರುಗಿದ. "ನೀನು ಒಂದೇ ಸೆಂಟೆನ್ಸ್ ಹೇಳು ಸಾಕು. ನಾನು ಅಡ್ವರ್ಸ್ ಪರಿಸ್ಥಿತಿಯಿಂದ ಬಂದಿದೀನಿ, ಅಂತ."

"ಅಂಗಂದ್ರೆ ಏನಮ್ಮಿ?" ಪುಷ್ಪ ಮಗಳನ್ನು ಕೇಳಿದಳು.

ಮಗಳು ಬಾಯಿ ತೆರೆಯುವ ಮೊದಲೇ ಅವನು ಪಾಠ ಶುರು ಮಾಡಿದ. "ಅಡ್ವರ್ಸ್ ಅಂದ್ರೆ ಪ್ರತಿಕೂಲ. ಮನುಷ್ಯನ್ನ ಮೇಲೇಳೋಕೆ ಬಿಡದೆ ಇರೋದು. ನಿಮ್ಮ ಮನೇನೇ ನೋಡಿಮ್ಮಾ, ಇದಕ್ಕಿಂತ ಉದಾಹರಣೆ ಬೇಕಾ?"

ಮೊಬೈಲು ಎತ್ತಿ ಹಿಡಿದ. ವನಿತಾ ಒಮ್ಮೆ ತಾತನ ಫೋಟೋ ನೋಡಿದಳು. ಗಾಜಿನ ಮೇಲೆಲ್ಲ ದೂಳು, ತಾತನ ಮೀಸೆಯೇ ಕಾಣುತ್ತಿರಲಿಲ್ಲ.

"ನಮ್ಮನೆ ಅಡ್ವರ್ಸ್ ಅಲ್ಲ." ಅವಳು ಮೊಬೈಲನ್ನೇ ನೋಡಿ ಹೇಳಿದಳು. "ನಮ್ ತಾತನ್ನ ಸಾಯ್ಸಿದ್ ದೂಳೈತಲ್ಲ, ಅದು ಅಡ್ವರ್ಸ್. ಅದನ್ನೇ ಬಾಚ್ಕೊಂಡ್ ಬಂದು ಅವ್ರ ಮೊಕಕ್ಕೆ ಎರಚ್ದೋರು ಅಡ್ವರ್ಸ್."

ಅವನು ಮೊಬೈಲು ಇಳಿಸಿದ. ಮುಖ ಗಂಟಿಕ್ಕಿತು. "ಏನಮ್ಮಾ, ಮಗಳಿಗೆ ಫೀಸು ಬೇಡ್ವಂತಾ? ಈ ಲೈನಲ್ಲಿ ಬೇರೆ ಹುಡುಗೀರು ಇಲ್ವಾ ನಮಗೆ? ಬುದ್ಧಿ ಹೇಳಿ."

ಪುಷ್ಪ ಒಳಗೆ ಹೋದಳು. ಸಮಾಧಾನ ಮಾಡಲು ಕಾಫಿ ತರುತ್ತಾಳೆ ಅಂದುಕೊಂಡನೋ ಏನೋ, ಅವನು ಅಲ್ಲೇ ನಿಂತು ಕಾದ.

ಅವಳು ತಂದದ್ದು ನೀರು ತೊಟ್ಟಿಕ್ಕುವ ಒದ್ದೆ ಬಟ್ಟೆ. ಬೆಳಿಗ್ಗೆಯಿಂದ ಬಾಯಿ ತೆಗೆದರೆ 'ಸಾರ್, ಸಾರ್' ಅನ್ನುತ್ತಿದ್ದ ಹೆಂಗಸು ಅದನ್ನು ಅವನ ಇಸ್ತ್ರಿ ಮಾಡಿದ ಶರ್ಟಿನ ಎದೆಗೆ ಒತ್ತಿ ಹಿಡಿದಳು.

"ಮೊದ್ಲು ಒರ್ಸ್ಲಾ."